ನಿಮ್ಮ ಇಂಗ್ಲಿಷ್ ಪ್ರಶ್ನೆ: ಅದು ಊಹೆನಾ, ಆಕ್ಷೇಪಣೆನಾ?

ಪ್ರಶ್ನೆ: ಮೀಟಿಂಗ್ ಟೈಮ್ ಬದಲಾಗಿದ್ದನ್ನ ಸಹೋದ್ಯೋಗಿಯೊಬ್ರು ನಂಗೆ ತಿಳಿಸಿರ್ಲಿಲ್ಲ. ನೀವು ನಂಗೆ ಹೇಳ್ಬೇಕಿತ್ತು ಅನ್ನೋ ಅರ್ಥದಲ್ಲಿ 'ಯೂ ಮಸ್ಟ್ ಹ್ಯಾವ್ ಟೋಲ್ಡ್ ಮಿ' ಅಂತ ಮೆಸೇಜ್ ಹಾಕ್ದೆ. ಅವರು 'ನೋ, ಐ ಡಿಡಂಟ್' ಅಂತಷ್ಟೇ ಉತ್ತರ ಕೊಟ್ರು, ಸಾರಿ ಕೂಡ ಇಲ್ಲ. ಮಸ್ಟ್ ಅಂದ್ರೆ ಬೇಕು ಅಂತ ತಾನೆ, ನಾನು ಬರೆದಿದ್ದು ತಪ್ಪಾ?

ಉತ್ತರ: ನಿಮ್ಮ ಸಹೋದ್ಯೋಗಿ ಮೇಲೆ ಬೇಜಾರು ಮಾಡ್ಕೋಬೇಡಿ, ನಿಮ್ಮ ಮೆಸೇಜು ಅವರಿಗೆ ದೂರು ಅಂತ ಅನ್ನಿಸಿರೋಕೇ ಸಾಧ್ಯ ಇಲ್ಲ. ಅವರು ಓದ್ಕೊಂಡಿದ್ದು "ನೀವು ನಂಗೆ ಹೇಳಿರ್ಬೇಕು, ನಂಗೇ ನೆನಪಿಲ್ಲ" ಅಂತ, ಅದಕ್ಕೇ ಇಲ್ಲ ಹೇಳಿರ್ಲಿಲ್ಲ ಅಂದಿದಾರೆ. ಮಸ್ಟ್ ಒಂಟಿಯಾಗಿದ್ದಾಗ ಬೇಕು ಅನ್ನೋ ಒತ್ತಾಯ ಹೇಳುತ್ತೆ ನಿಜ, ಆದ್ರೆ ಪಕ್ಕದಲ್ಲಿ ಹ್ಯಾವ್ ಮತ್ತೆ ವರ್ಬಿನ ಥರ್ಡ್ ಫಾರ್ಮ್ ಬಂದು ಮಾತು ಆಗಿಹೋದ ವಿಷಯಕ್ಕೆ ತಿರುಗಿದ ತಕ್ಷಣ ಅದು ಸಾಮಾನ್ಯವಾಗಿ ಬರೀ ಊಹೆ ಆಗ್ಬಿಡುತ್ತೆ. ನಿಮಗೆ ಬೇಕಾಗಿದ್ದು 'ಯೂ ಶುಡ್ ಹ್ಯಾವ್ ಟೋಲ್ಡ್ ಮಿ'.

ಈ ತಪ್ಪನ್ನ ನಮ್ಮಲ್ಲಿ ತುಂಬಾ ಜನ ಮಾಡ್ತಾರೆ, ಆದ್ರೆ ನಿಜ ಹೇಳ್ಬೇಕು ಅಂದ್ರೆ ಕನ್ನಡದವರಿಗೆ ಇದು ಸುಲಭ ಆಗ್ಬೇಕು, ಯಾಕಂದ್ರೆ ಈ ವ್ಯತ್ಯಾಸ ನಮ್ಮ ಬಾಯಲ್ಲಿ ಆಗ್ಲೇ ಇದೆ. ಹೇಳಿರ್ಬೇಕು, ಹೇಳ್ಬೇಕಿತ್ತು, ಎರಡನ್ನೂ ಒಂದ್ಸಲ ಜೋರಾಗಿ ಹೇಳಿ ನೋಡಿ. ಮೊದಲನೇದರಲ್ಲಿ 'ಇರು' ನಡುವೆ ಕೂತಿದೆ, ಅಂದ್ರೆ ಕೆಲಸ ಆಗಿದೆ ಅಂತ ನಾವು ಅಂದಾಜು ಮಾಡ್ತಿದೀವಿ. ಎರಡನೇದರಲ್ಲಿ 'ಇತ್ತು' ಕೊನೇಲಿದೆ, ಕೆಲಸ ಆಗ್ಲಿಲ್ಲ, ಅದಕ್ಕೇ ಆಕ್ಷೇಪಣೆ. ಇರಬಹುದು, ಬಹುದಿತ್ತು ಜೋಡೀನೂ ಹಾಗೇನೇ: ಹೇಳಿರಬಹುದು ಅಂದ್ರೆ ಊಹೆ, ಹೇಳಬಹುದಿತ್ತು ಅಂದ್ರೆ ಯಾಕೆ ಹೇಳ್ಲಿಲ್ಲ ಅಂತ. ಇಂಗ್ಲಿಷಲ್ಲಿ ಎರಡೂ ಕಡೆ ಅದೇ ಹ್ಯಾವ್ ಬರೋದ್ರಿಂದ ಕಣ್ಣಿಗೆ ಒಂದೇ ಥರ ಕಾಣುತ್ತೆ, ಅದಕ್ಕೆ ನಾನು ಹೇಳೋದು, ಬರೆಯೋಕೆ ಮುಂಚೆ ಮನಸ್ಸಲ್ಲಿ ಕನ್ನಡದ ವಾಕ್ಯ ಪೂರ್ತಿ ಹೇಳ್ಕೊಂಡು ಅದರ ಬಾಲ ನೋಡಿ, ಇರಬೇಕು ಅಂತಿದ್ರೆ ಮಸ್ಟ್ ಹ್ಯಾವ್, ಬೇಕಿತ್ತು ಅಂತಿದ್ರೆ ಶುಡ್ ಹ್ಯಾವ್.

ಹಾಗಂತ 'ಯೂ ಹ್ಯಾಡ್ ಟು ಟೆಲ್ ಮಿ' ಅಂತಾನೂ ಬರೀಬೇಡಿ. ಅದು ಹೇಳ್ಬೇಕಾಯ್ತು, ಬೇರೆ ದಾರಿ ಇರ್ಲಿಲ್ಲ ಅನ್ನೋ ಕಡೆಗೆ ಹೋಗುತ್ತೆ, ಹೇಳಿದ್ರು ಅಂತಾನೇ ಕೇಳಿಸುತ್ತೆ.

ಪ್ರಶ್ನೆ: ಫ್ರೆಂಡ್ ಫೋನ್ ಎತ್ತದಿದ್ದಾಗ ಮಸ್ಟ್ ಹ್ಯಾವ್, ಮೇ ಹ್ಯಾವ್, ಮೈಟ್ ಹ್ಯಾವ್, ಕುಡ್ ಹ್ಯಾವ್ ಇಷ್ಟರಲ್ಲಿ ಯಾವುದು ಹಾಕ್ಬೇಕು? ಇಲ್ಲ ಅಂತ ಊಹೆ ಮಾಡೋದು ಹೇಗೆ?

ಉತ್ತರ: ನಿಮಗೆ ಎಷ್ಟು ಗ್ಯಾರಂಟಿ ಇದೆ ಅನ್ನೋದ್ರ ಮೇಲೆ ಹೋಗುತ್ತೆ. ರಾತ್ರಿ ತುಂಬಾ ಹೊತ್ತಾಗಿದೆ, ಅವಳು ದಿನಾ ಬೇಗ ಮಲಗೋಳು, ಆಗ 'ಶೀ ಮಸ್ಟ್ ಹ್ಯಾವ್ ಗಾನ್ ಟು ಬೆಡ್', ಮಲಗಿರ್ಬೇಕು. ಕಾರಣ ಗೊತ್ತಿಲ್ಲ, ಫೋನ್ ಸೈಲೆಂಟಲ್ಲಿ ಇಟ್ಟಿರಬಹುದು ಅಂತ ಸುಮ್ನೆ ಅಂದ್ಕೊಳ್ತಿದೀರಿ, ಆಗ ಮೇ, ಮೈಟ್, ಕುಡ್ ಮೂರರಲ್ಲಿ ಯಾವುದಾದ್ರೂ ನಡೆಯುತ್ತೆ. ಮಾತಾಡುವಾಗ ಮೈಟ್ ಹ್ಯಾವ್ ಹಾಕಿದ್ರೆ ಸಾಕು. ಇಷ್ಟೊತ್ತಿಗೆ ಮಲಗಿರ್ತಾಳೆ ಬಿಡು ಅಂತೀವಲ್ಲ, ಅದಕ್ಕೆ 'ಶೀಲ್ ಹ್ಯಾವ್ ಗಾನ್ ಟು ಬೆಡ್ ಬೈ ನೌ' ಅಂತ ವಿಲ್ ಕೂಡ ಬಳಸ್ತಾರೆ, ಇದನ್ನ ನಮ್ಮೋರು ಬಳಸೋದೇ ಕಮ್ಮಿ.

ಇಲ್ಲ ಅನ್ನೋ ಊಹೆಯಲ್ಲಿ ಸ್ವಲ್ಪ ನಿಧಾನಿಸಿ, ಜನ ಎಡವೋದು ಇಲ್ಲೇ. ನನ್ನ ಮೆಸೇಜ್ ನೋಡಿರೋಕೆ ಸಾಧ್ಯನೇ ಇಲ್ಲ ಅನ್ನೋದಕ್ಕೆ 'ಶೀ ಕಾಂಟ್ ಹ್ಯಾವ್ ಸೀನ್ ಮೈ ಮೆಸೇಜ್'. ಕುಡಂಟ್ ಹ್ಯಾವ್ ಅಂದ್ರೂ ಸರಿ. ಅಮೆರಿಕದವರು ಮಸ್ಟ್ ನಾಟ್ ಹ್ಯಾವ್ ಅಂತ ತುಂಬಾ ಅಂತಾರೆ, ನೋಡಿಲ್ಲ ಅನ್ಸುತ್ತೆ ಅನ್ನೋ ಗಟ್ಟಿ ಊಹೆಗೆ, ಅದೂ ತಪ್ಪಲ್ಲ. ಆದ್ರೆ ನೋಡ್ದೇ ಇರಬಹುದು ಅನ್ನೋಕೆ 'ಮೈಟ್ ನಾಟ್ ಹ್ಯಾವ್ ಸೀನ್' ಇಲ್ಲಾ 'ಮೇ ನಾಟ್ ಹ್ಯಾವ್ ಸೀನ್' ಹಾಕಿ, ಇಲ್ಲಿ ಕುಡ್ ನಾಟ್ ಹ್ಯಾವ್ ಹಾಕಿದ್ರೆ ಕೆಟ್ಟೋಯ್ತು. 'ಹೀ ಮೈಟ್ ನಾಟ್ ಹ್ಯಾವ್ ಟೇಕನ್ ದ ಮನಿ' ಅಂದ್ರೆ ದುಡ್ಡು ತಗೊಂಡಿರದೇ ಇರಬಹುದು, ಅನುಮಾನ ಇನ್ನೂ ಉಳಿದಿದೆ. ಅದೇ 'ಕುಡ್ ನಾಟ್ ಹ್ಯಾವ್ ಟೇಕನ್' ಅಂದ್ರೆ ಅವನು ತಗೊಂಡಿರೋಕೆ ಸಾಧ್ಯನೇ ಇಲ್ಲ, ನೀವು ಅವನ ಪರವಾಗಿ ಸಾಕ್ಷಿ ಹೇಳಿದಂಗೆ. ಒಬ್ಬ ಮನುಷ್ಯನ ಮರ್ಯಾದೆ ವಿಷಯ ಮಾತಾಡುವಾಗ ಇಷ್ಟು ದೊಡ್ಡ ವ್ಯತ್ಯಾಸ ಗೊತ್ತಿಲ್ಲದೇ ಬಳಸಬಾರದು.

ಇನ್ನೊಂದು, ಹೌದು ಅನ್ನೋ ಊಹೆಗೆ ಕ್ಯಾನ್ ಹ್ಯಾವ್ ಬರಲ್ಲ. ಎಲ್ಲಿಗೆ ಹೋಗಿರಬಹುದು ಅಂತ ಕೇಳುವಾಗ 'ವೇರ್ ಕ್ಯಾನ್ ಶೀ ಹ್ಯಾವ್ ಗಾನ್' ಓಕೆ, 'ಶೀ ಕ್ಯಾನ್ ಹ್ಯಾವ್ ಗಾನ್ ಔಟ್' ಬೇಡ.

ಪ್ರಶ್ನೆ: ನನ್ನ ಟೀಮ್‌ನವರ ತಪ್ಪು ತೋರಿಸುವಾಗ ಶುಡ್ ಹ್ಯಾವ್ ಅಂದ್ರೆ ತುಂಬಾ ಗಡಸು ಅನ್ಸುತ್ತೆ. ಕುಡ್ ಹ್ಯಾವ್ ಹಾಕಬಹುದಾ?

ಉತ್ತರ: ಹಾಕಬಹುದು, ಒಳ್ಳೇದು ಕೂಡ. ಶುಡ್ ಹ್ಯಾವ್ ಅಂದ್ರೆ ಇದು ನಿನ್ನ ಕರ್ತವ್ಯ ಆಗಿತ್ತು, ನೀನು ಮಾಡ್ಲಿಲ್ಲ ಅಂತ ನೇರ ಬೆರಳು ತೋರಿಸಿದ ಹಾಗೆ. 'ಯೂ ಕುಡ್ ಹ್ಯಾವ್ ಆಸ್ಕ್ಡ್ ಮಿ' ಅಂದ್ರೆ ನನ್ನ ಕೇಳಬಹುದಿತ್ತಲ್ಲ ಅಂತ, ದಾರಿ ಇತ್ತು ಅನ್ನೋದು ಮಾತ್ರ. ಆದ್ರೆ ಇದು ದನಿ ಮೇಲೆ ಹೋಗುತ್ತೆ, 'ಯೂ ಕುಡ್ ಹ್ಯಾವ್ ಟೋಲ್ಡ್ ಮಿ!' ಅಂತ ಜೋರಾಗಿ ಅಂದ್ರೆ, ಅಥವಾ ಬ್ರಿಟಿಷರ ಥರ 'ಯೂ ಮೈಟ್ ಹ್ಯಾವ್ ಟೋಲ್ಡ್ ಮಿ!' ಅಂದ್ರೆ ಶುಡ್‌ಗಿಂತ ಚುರುಕಾಗೇ ತಾಗುತ್ತೆ. ಬರವಣಿಗೇಲಿ ನಾನಾದ್ರೆ ವ್ಯಕ್ತಿ ಹೆಸರೇ ಬಿಟ್ಟು 'ದಿಸ್ ಶುಡ್ ಹ್ಯಾವ್ ಬೀನ್ ಚೆಕ್ಡ್ ಬಿಫೋರ್ ಸೆಂಡಿಂಗ್' ಅಂತೀನಿ, ಕಳಿಸೋಕೆ ಮುಂಚೆ ಚೆಕ್ ಆಗ್ಬೇಕಿತ್ತು ಅಂತ. ತಪ್ಪು ಕಾಣುತ್ತೆ, ಮನುಷ್ಯನಿಗೆ ಅವಮಾನ ಆಗಲ್ಲ.

ಶುಡ್ ಹ್ಯಾವ್ ಕಂಡಲ್ಲೆಲ್ಲಾ ಬೈಗುಳ ಅಂದ್ಕೋಬೇಡಿ ಮತ್ತೆ. 'ದೇ ಶುಡ್ ಹ್ಯಾವ್ ಅರೈವ್ಡ್ ಬೈ ನೌ' ಅಂದ್ರೆ ಇಷ್ಟೊತ್ತಿಗೆ ತಲುಪಿರ್ಬೇಕು ಅನ್ನೋ ನಿರೀಕ್ಷೆ ಅಷ್ಟೇ, ಮೊದಲು ಹೇಳಿದ ಬಾಲದ ಲೆಕ್ಕಕ್ಕೆ ಇದು ಹೊರತು. ಗಿಫ್ಟ್ ಕೊಟ್ಟಾಗ 'ಯೂ ಶುಡಂಟ್ ಹ್ಯಾವ್' ಅಂತಾರಲ್ಲ, ಅದಂತೂ ಪ್ರೀತಿಯ ಮಾತು.

ಪ್ರಶ್ನೆ: ನೀಡಂಟ್ ಹ್ಯಾವ್, ಡಿಡಂಟ್ ನೀಡ್ ಟು, ಎರಡೂ ಒಂದೇನಾ?

ಉತ್ತರ: ಒಂದೇ ಅಲ್ಲ. 'ಐ ನೀಡಂಟ್ ಹ್ಯಾವ್ ಕುಕ್ಡ್' ಅಂದ್ರೆ ಅಡುಗೆ ಮಾಡಿಟ್ಟೆ, ಆಮೇಲೆ ಗೊತ್ತಾಯ್ತು ಬೇಕೇ ಇರ್ಲಿಲ್ಲ ಅಂತ. 'ಐ ಡಿಡಂಟ್ ನೀಡ್ ಟು ಕುಕ್' ಅಂದ್ರೆ ಅಗತ್ಯ ಇರ್ಲಿಲ್ಲ ಅಂತಷ್ಟೇ, ಮಾಡಿದ್ರಾ ಬಿಟ್ರಾ ಅನ್ನೋದು ಸಂದರ್ಭ ನೋಡಿ ಗೊತ್ತಾಗ್ಬೇಕು.

ಪ್ರಶ್ನೆ: ಇಂಗ್ಲಿಷ್ ಮಾತೃಭಾಷೆಯವರೇ 'ಶುಡ್ ಆಫ್' ಅಂತ ಬರೆದಿದ್ದು ನೋಡಿದೆ. ಸರೀನಾ?

ಉತ್ತರ: ತಪ್ಪು. ಮಾತಲ್ಲಿ ಹ್ಯಾವ್ ಸವೆದು 'ಅವ್' ಆಗುತ್ತೆ, ಒತ್ತಿಲ್ಲದ 'ಆಫ್' ಕೂಡ ಅವರ ಬಾಯಲ್ಲಿ ಅದೇ ಥರ ಕೇಳಿಸುತ್ತೆ, ಕಿವಿಗೆ ಬಿದ್ದಿದ್ದನ್ನ ಹಾಗೇ ಬರೀತಾರೆ. ನೀವು ಮಾತಾಡುವಾಗ 'ಶುಡವ್' ಅನ್ನಿ, ಬರೆಯುವಾಗ ಶುಡ್ ಹ್ಯಾವ್. ಹೀ ಬಂದ್ರೂ ಶೀ ಬಂದ್ರೂ ಹ್ಯಾವ್ ಹ್ಯಾವೇ, ಮಸ್ಟ್ ಹ್ಯಾಸ್ ಅಂತ ಯಾವತ್ತೂ ಆಗಲ್ಲ.