ಡಿಎನ್‌ಎ ದಪ್ಪ ಬರೀ 2 ನ್ಯಾನೋಮೀಟರ್. ಅಷ್ಟು ಸಣ್ಣ ಜಾಗದಲ್ಲಿ ವಿಕಿರಣದ ಹಾನಿಯನ್ನು ಹೇಗೆ ಅಳೆಯುತ್ತಾರೆ?

ಡಿಎನ್‌ಎ ಒಳಗೇ ಉಪಕರಣ ಇಟ್ಟು ಅಳೆಯೋಕೆ ಆಗಲ್ಲ, ಅದಕ್ಕೇ ಆ ಜಾಗವನ್ನೇ ಹಿಗ್ಗಿಸಿಕೊಳ್ಳುತ್ತಾರೆ. ಒಂದು ಪೆಟ್ಟಿಗೆಯಲ್ಲಿ ತುಂಬಾ ತೆಳುವಾದ ಅನಿಲ ಇಟ್ಟು, ವಿಕಿರಣದ ಕಣ ಹಾದುಹೋದಾಗ ಎಷ್ಟು ಅಣುಗಳು ಎಲೆಕ್ಟ್ರಾನ್ ಕಳೆದುಕೊಂಡು ಅಯಾನುಗಳಾದವು ಅಂತ ಒಂದೊಂದಾಗಿ ಎಣಿಸುತ್ತಾರೆ. ಇದರ ಹೆಸರು ನ್ಯಾನೋಡೋಸಿಮೆಟ್ರಿ.

ಕಣಕ್ಕೆ ದೂರದ ಲೆಕ್ಕ ಇಲ್ಲ, ದಾರಿಯಲ್ಲಿ ಎಷ್ಟು ಅಣು ಎದುರಾದವು ಅನ್ನೋದೇ ಲೆಕ್ಕ. ಜರ್ಮನಿಯ ರಾಷ್ಟ್ರೀಯ ಮಾಪನ ಸಂಸ್ಥೆ ಪಿಟಿಬಿಯ ಉಪಕರಣದಲ್ಲಿ ಪ್ರೊಪೇನ್ (ಹೌದು, ನಮ್ಮ ಅಡುಗೆ ಗ್ಯಾಸಿನಲ್ಲೂ ಇರುತ್ತಲ್ಲ, ಅದೇ) ಸುಮಾರು 1.2 ಮಿಲಿಬಾರ್ ಒತ್ತಡದಲ್ಲಿರುತ್ತದೆ, ಅಂದರೆ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಸಾವಿರದಲ್ಲೊಂದು ಪಾಲು. ಅಲ್ಲಿನ 1 ಮಿಲಿಮೀಟರ್ ಜೀವಕೋಶದ ಸುಮಾರು 2 ನ್ಯಾನೋಮೀಟರ್‌ಗೆ ಸಮ.

ಸುಮ್ನೆ ಒಟ್ಟು ಡೋಸ್ (ಅಂದರೆ ದೇಹ ಹೀರಿಕೊಂಡ ವಿಕಿರಣದ ಶಕ್ತಿ) ಅಳೆದರೆ ಸಾಲದಾ? ಸಾಲದು. ಗಾಮಾ ಕಿರಣದ ಏಟು ಅಲ್ಲೊಂದು ಇಲ್ಲೊಂದು ಬೀಳುತ್ತದೆ. ಡಿಎನ್‌ಎಯ ಒಂದು ಎಳೆ ತುಂಡಾದರೆ ಕೋಶ ಎದುರಿನ ಎಳೆ ನೋಡಿಕೊಂಡು ರಿಪೇರಿ ಮಾಡಿಕೊಳ್ಳುತ್ತದೆ. ಆಲ್ಫಾ ಕಣದ ಏಟುಗಳು ಒಂದೇ ಕಡೆ ಗುಂಪಾಗಿ ಬೀಳುತ್ತವೆ, ಏಣಿಯಂತಿರುವ ಡಿಎನ್‌ಎಯ ಹತ್ತು ಮೆಟ್ಟಿಲುಗಳೊಳಗೆ, ಅಂದರೆ 3.4 ನ್ಯಾನೋಮೀಟರ್‌ನೊಳಗೆ ಎರಡೂ ಎಳೆ ತುಂಡಾದರೆ ನೋಡಿ ನಕಲು ಮಾಡೋಕೆ ಅಲ್ಲಿ ಸರಿಯಾದ ಎಳೆಯೇ ಇರಲ್ಲ. ಡೋಸ್ ಒಂದೇ, ಹಾನಿ ಬೇರೆ. ಹಾಗಾಗಿ ಸರಾಸರಿ ಎಷ್ಟು ಅಯಾನು ಅನ್ನೋದಕ್ಕಿಂತ, ಎರಡೋ ಅದಕ್ಕಿಂತ ಜಾಸ್ತಿಯೋ ಅಯಾನುಗಳು ಎಷ್ಟು ಸಲ ಒಟ್ಟಿಗೆ ಹುಟ್ಟಿದವು ಅನ್ನೋದನ್ನೇ ನೋಡುತ್ತಾರೆ.

ಒಂದು ಕೊರತೆಯೂ ಇದೆ. ವಿಕಿರಣ ಕೋಶದ ನೀರನ್ನು ಒಡೆದು, ಆ ಚೂರುಗಳು ಡಿಎನ್‌ಎಗೆ ಮಾಡುವ ಹಾನಿ ಈ ಅನಿಲದಲ್ಲಿ ಕಾಣಲ್ಲ. ಅದನ್ನು ಕಂಪ್ಯೂಟರ್ ಲೆಕ್ಕದಲ್ಲಿ ಸೇರಿಸಬೇಕು.