22 ಇಂಚಿನ ಟ್ರಾಲಿ ಬ್ಯಾಗ್ ಕ್ಯಾಬಿನ್ ಒಳಗೆ ಬಿಡ್ತಾರಾ, ನಾಲ್ಕು ಚಕ್ರದ್ದು ತಗೊಳ್ಳೋದಾ ಎರಡು ಚಕ್ರದ್ದಾ?

ನೀವು ಕೇಳಿರೋದು ಎರಡು ಬ್ಯಾಗ್ ಬಗ್ಗೆ. ಒಂದು ಪಾಲಿಕಾರ್ಬೊನೇಟ್ ಅನ್ನೋ ಗಟ್ಟಿ ಪ್ಲಾಸ್ಟಿಕ್‌ದು, ನಾಲ್ಕು ಚಕ್ರ, ಮೇಲೆ '22 ಇಂಚು ಕ್ಯಾಬಿನ್ ಸೈಜ್' ಅಂತ ಸ್ಟಿಕ್ಕರ್, ಖಾಲಿ ತೂಕ 3.4 ಕೆಜಿ. ಇನ್ನೊಂದು ಬಟ್ಟೆದು, ಎರಡು ಚಕ್ರ, 55×35×20 ಸೆಂಮೀ, 2.1 ಕೆಜಿ. ನೀವು ಹೋಗೋದು ಮೊದಲು ಕ್ಯಾಬಿನ್ ಬ್ಯಾಗಿಗೆ 7 ಕೆಜಿ ಲಿಮಿಟ್ ಇರೋ ಫ್ಲೈಟಲ್ಲಿ, ಆಮೇಲೆ ಯುರೋಪ್ ಒಳಗೆ ಕಡಿಮೆ ದರದ ಒಂದು ಫ್ಲೈಟಲ್ಲಿ. ಕಣ್ಣು ಮುಚ್ಕೊಂಡು ಎರಡನೇದು ತಗೊಳ್ಳಿ ಅಂತೀನಿ, ಆದ್ರೆ ಯಾಕೆ ಅಂತ ಗೊತ್ತಾದ್ರೆ ಇದೇ ಬ್ಯಾಗ್ ಸ್ಟಾಕ್ ಇಲ್ದೇ ಹೋದ್ರೂ ಬೇರೆದನ್ನ ನೀವೇ ಆರಿಸ್ಕೋಬಹುದು, ಅದಕ್ಕೇ ಸ್ವಲ್ಪ ಉದ್ದವಾಗಿ ಬರೀತಿದ್ದೀನಿ.

ಮೊದಲು ಆ ಸ್ಟಿಕ್ಕರ್ ವಿಷಯ. ಅದನ್ನ ಸಾಮಾನ್ಯವಾಗಿ ಬ್ಯಾಗ್ ಮಾಡೋ ಕಂಪನಿಯವ್ರು ತಾವೇ ಅಂಟಿಸಿರ್ತಾರೆ, ಗೇಟಲ್ಲಿ ನಿಂತಿರೋವ್ರು ಅದರ ಕಡೆ ತಿರುಗಿಯೂ ನೋಡಲ್ಲ, ಅವ್ರ ಹತ್ರ ಅವ್ರದ್ದೇ ಒಂದು ಕಬ್ಬಿಣದ ಚೌಕಟ್ಟು ಇರತ್ತೆ, ಅದರೊಳಗೆ ಬ್ಯಾಗ್ ಇಳೀಬೇಕು ಅಷ್ಟೆ. 22 ಇಂಚು ಅಂದ್ರೆ 55.88 ಸೆಂಮೀ, ಕೇಳಿದ್ರೆ ಸರಿಯಾಗೇ ಇದೆ ಅನ್ಸತ್ತೆ. ಪ್ರಶ್ನೆ ಏನಂದ್ರೆ ಆ 22 ಇಂಚು ಎಲ್ಲಿಂದ ಎಲ್ಲಿವರೆಗೆ ಅಳೆದಿದ್ದು? ಎಷ್ಟೋ ಕಂಪನಿಗಳು ಡಬ್ಬದ ಎತ್ತರ ಮಾತ್ರ ಬರೀತಾರೆ, ಕೆಳಗಿನ ಚಕ್ರ, ಮೇಲೆ ಎದ್ದಿರೋ ಹಿಡಿ ಲೆಕ್ಕಕ್ಕೇ ತಗೊಳ್ಳಲ್ಲ. ನಾಲ್ಕು ಚಕ್ರದ ಬ್ಯಾಗಲ್ಲಿ ಚಕ್ರಗಳೇ ನಾಲ್ಕೈದು ಸೆಂಮೀ ಎತ್ತರ ತಿಂತಾವೆ, ಅಲ್ಲಿಗೆ 56 ಹೋಗಿ 60 ಆಯ್ತು. ಏರ್‌ಲೈನ್ ಲೆಕ್ಕದಲ್ಲಿ ಚಕ್ರ, ಹಿಡಿ, ಪಕ್ಕದ ಜೇಬು ಎಲ್ಲಾ ಸೇರಿಯೇ ಅಳತೆ. ಆನ್‌ಲೈನಲ್ಲಿ ನೋಡೋವಾಗ 'ಒಟ್ಟು ಅಳತೆ' ಅಂತ ಬೇರೆ ಕೊಟ್ಟಿದಾರಾ ನೋಡಿ, ಒಂದೇ ಅಳತೆ ಕೊಟ್ಟು ಸುಮ್ನಾಗಿದ್ರೆ ಅದು ಚಕ್ರ ಬಿಟ್ಟು ಅಳೆದಿದ್ದು ಅಂತಾನೇ ಇಟ್ಕೊಳ್ಳಿ. ಕೊಂಡವರ ಕಾಮೆಂಟಲ್ಲಿ ಯಾರಾದ್ರೂ ಒಬ್ರು ಟೇಪ್ ಹಿಡಿದು ಅಳೆದು ಫೋಟೋ ಹಾಕಿರ್ತಾರೆ, ಆ ಪುಣ್ಯಾತ್ಮರನ್ನ ಹುಡುಕಿ.

ಇನ್ನು ಎಲ್ಲಾ ಏರ್‌ಲೈನಿಗೂ ಒಂದೇ ಅಳತೆ ಇಲ್ವಾ ಅಂತ ಕೇಳಿದೀರಲ್ಲ, ಇಲ್ಲ. ಏರ್‌ಲೈನ್‌ಗಳ ಒಕ್ಕೂಟ ಐಎಟಿಎ ಹೇಳೋದು ಹೆಚ್ಚಂದ್ರೆ 56×45×25 ಸೆಂಮೀ ಅಂತ, ಅದು ಬರೀ ಮಾರ್ಗಸೂಚಿ, ಕೊನೇ ಮಾತು ಆಯಾ ಏರ್‌ಲೈನ್‌ದೇ. ಬ್ರಿಟಿಷ್ ಏರ್‌ವೇಸ್ ಅಷ್ಟನ್ನೂ ಬಿಡತ್ತೆ. ಅಮೆರಿಕದ ಡೆಲ್ಟಾ, ಯುನೈಟೆಡ್, ಅಮೆರಿಕನ್ ಮೂರೂ 22×14×9 ಇಂಚು, ಸೆಂಟಿಮೀಟರಲ್ಲಿ ಸುಮಾರು 56×36×23. ಲುಫ್ತಾನ್ಸಾ 55×40×23. ಏರ್ ಫ್ರಾನ್ಸ್, ಕೆಎಲ್ಎಂ, ಇಂಡಿಗೋ ಇವೆಲ್ಲ 55×35×25. ರಯಾನ್‌ಏರ್‌ನಲ್ಲಿ ದುಡ್ಡು ಕೊಟ್ಟು ತಗೊಂಡೋಗೋ ಟ್ರಾಲಿಗೆ 55×40×20. ಸಿಂಗಾಪುರ್ ಏರ್‌ಲೈನ್ಸ್ ಇನ್ನೊಂಥರ, ಉದ್ದ ಅಗಲ ದಪ್ಪ ಮೂರೂ ಕೂಡಿಸಿದ್ರೆ 115 ಸೆಂಮೀ ದಾಟಬಾರದು ಅಂತಷ್ಟೇ.

ಇಲ್ಲಿ ಒಂದು ಮಜಾ ಇದೆ ನೋಡಿ. 56+36+23 ಕೂಡಿಸಿ, 115. 55+35+25, ಅದೂ 115. 55+40+20, ಅದೂ 115! ಮೊತ್ತ ಒಂದೇ, ಆಕಾರ ಬೇರೆ ಬೇರೆ. ಹಂಗಾಗಿ ಒಂದು ಏರ್‌ಲೈನಿಗೆ ಚಕಾಚಕ್ ಅಂತ ಕೂರೋ ಬ್ಯಾಗು ಇನ್ನೊಂದರ ಚೌಕಟ್ಟಲ್ಲಿ ಸಿಕ್ಕಾಕೊಳತ್ತೆ: 40 ಸೆಂಮೀ ಅಗಲ ಇರೋದು 35ರ ಕಿಂಡಿಗೆ ಹೋಗಲ್ಲ, 25 ದಪ್ಪ ಇರೋದು 20ರದ್ದಕ್ಕೆ ಹೋಗಲ್ಲ. ಎಲ್ಲದಕ್ಕೂ ಒಗ್ಗೋ ಅಳತೆ ಬೇಕು ಅಂದ್ರೆ ಪ್ರತಿಯೊಂದರಲ್ಲೂ ಚಿಕ್ಕದನ್ನ ಆರಿಸ್ಬೇಕು, ಆಗ ಬರೋದು 55×35×20. 2015ರಲ್ಲಿ ಐಎಟಿಎ 'ಕ್ಯಾಬಿನ್ ಓಕೆ' ಅಂತ ಒಂದು ಗುರುತು ತರೋಕೆ ಹೊರಟಾಗ ಇಟ್ಟಿದ್ದೂ ಇದೇ ಅಳತೆನೇ. ಅದಕ್ಕೆ ವಿಪರೀತ ವಿರೋಧ ಬಂತು, ಅದ್ರಲ್ಲೂ ಅಮೆರಿಕದಲ್ಲಿ, ನಮ್ಮ ಬ್ಯಾಗೆಲ್ಲ ಬಿಸಾಕಿ ಹೊಸದು ಕೊಳ್ಬೇಕಾ ಅಂತ ಜನ ರೇಗಿದ್ರು, ಯೋಜನೆ ಅಲ್ಲಿಗೇ ನಿಲ್ಲಿಸಿದ್ರು. ಯೋಜನೆ ಹೋದ್ರೂ ಅಳತೆ ಮಾತ್ರ ಒಳ್ಳೇದೇ, ನೀವು ಹೇಳಿರೋ ಎರಡನೇ ಬ್ಯಾಗು ಕರೆಕ್ಟಾಗಿ ಅದೇ.

ಆದ್ರೆ ನಿಮ್ಮ ಪ್ರಶ್ನೆಲಿ ನಂಗೆ ನಿಜವಾಗಿ ಚಿಂತೆ ಆಗಿದ್ದು ಅಳತೆ ಅಲ್ಲ, ತೂಕ. ಎಲ್ರೂ ಸೆಂಟಿಮೀಟರ್ ಹಿಡ್ಕೊಂಡು ಒದ್ದಾಡ್ತಾರೆ, ಖಾಲಿ ಬ್ಯಾಗಿನ ತೂಕ ಕೇಳೋದೇ ಇಲ್ಲ. 7 ಕೆಜಿಲಿ 3.4 ಬ್ಯಾಗೇ ತಿಂದ್ರೆ ನಿಮಗೆ ಉಳಿಯೋದು 3.6, ಹೆಚ್ಚುಕಮ್ಮಿ ಅರ್ಧ. ಲ್ಯಾಪ್‌ಟಾಪ್ ಅದರ ಚಾರ್ಜರ್ ಸೇರಿ ಎರಡು ಕೆಜಿ ಅಂತ ಇಟ್ಕೊಳ್ಳಿ, ಇನ್ನು 1.6ರಲ್ಲಿ ಬಟ್ಟೆ, ಟವೆಲ್ಲು, ಒಂದು ಜೊತೆ ಚಪ್ಪಲಿ ಎಲ್ಲಾ ಆಗ್ಬೇಕು, ಆಗಲ್ಲ. 2.1 ಕೆಜಿ ಬ್ಯಾಗಲ್ಲಿ ಅದೇ ಲ್ಯಾಪ್‌ಟಾಪ್ ಇಟ್ಟಮೇಲೂ 2.9 ಕೈಲಿರತ್ತೆ. ಎಮಿರೇಟ್ಸ್ ಇಕಾನಮಿ 7 ಕೆಜಿ, ಸಿಂಗಾಪುರ್ 7, ಇಂಡಿಗೋ 7, ಲುಫ್ತಾನ್ಸಾ 8, ಇಂಥ ಕಡೆಯೆಲ್ಲ ಬ್ಯಾಗ್ ಆರಿಸೋ ಮೊದಲ್ನೇ ಲೆಕ್ಕ ಖಾಲಿ ತೂಕಾನೇ ಆಗ್ಬೇಕು. ಬ್ರಿಟಿಷ್ ಏರ್‌ವೇಸ್‌ನಲ್ಲಿ 23 ಕೆಜಿ ತನಕ ಬಿಡ್ತಾರೆ (ಸೀಟಿನ ಮೇಲೆ ಸಾಮಾನಿಡೋ ಗೂಡು ಅಂದ್ರೆ ಬಿನ್‌ಗೆ ನೀವೇ ಎತ್ತಿಡ್ಬೇಕು ಅನ್ನೋ ಷರತ್ತಿನ ಮೇಲೆ, ಅದನ್ನ ಎತ್ತೋ ತೋಳು ನನಗಂತೂ ಇಲ್ಲ), ಅಲ್ಲಿ ಮಾತ್ರ ಹೋಗೋವ್ರಿಗೆ ಭಾರದ ಬ್ಯಾಗಾದ್ರೂ ನಡಿಯತ್ತೆ. ನನ್ನ ಲೆಕ್ಕದಲ್ಲಿ 7 ಕೆಜಿ ಲಿಮಿಟ್ ಇರೋ ಕಡೆಗೆ 2.5 ದಾಟಿದ ಬ್ಯಾಗ್ ಬೇಡವೇ ಬೇಡ.

ಗಟ್ಟಿದಾ ಮೆತ್ತಂದಾ? ಎರಡರಲ್ಲೂ ಚೆನ್ನಾಗಿರೋದಿದೆ, ಇದಕ್ಕೆ ಜಾಸ್ತಿ ತಲೆ ಕೆಡಿಸ್ಕೋಬೇಡಿ. ಗಟ್ಟಿ ಡಬ್ಬದ್ದು ಉಬ್ಬಲ್ಲ, ಮಳೆ ನೀರು ಇಳಿಯೋದು ಕಡಿಮೆ, ಆದ್ರೆ ಒಂದು ಸೆಂಮೀ ಜಾಸ್ತಿ ಇದ್ರೂ ಚೌಕಟ್ಟಲ್ಲಿ ಒತ್ತಿದ್ರೆ ಬಗ್ಗಲ್ಲ. ಜೊತೆಗೆ ಪುಸ್ತಕದ ಥರ ಎರಡು ಭಾಗವಾಗಿ ತೆರ್ಕೊಳೋದ್ರಿಂದ ಏನಾದ್ರೂ ತೆಗೀಬೇಕಂದ್ರೆ ಎರಡರಷ್ಟು ಜಾಗ ಬೇಕು. ಬಟ್ಟೆದು ಸ್ವಲ್ಪ ಬಗ್ಗತ್ತೆ, ಮುಂದೆ ಜೇಬಿರತ್ತೆ, ಪಾಸ್‌ಪೋರ್ಟ್ ಚಾರ್ಜರ್ ಕೈಗೆ ಸಿಗತ್ತೆ, ಆದ್ರೆ ಆ ಜೇಬಿಗೇ ಎಲ್ಲಾ ತುರುಕಿದ್ರೆ 20 ಇದ್ದ ದಪ್ಪ 24 ಆಗಿ ಕೂರತ್ತೆ. ಗಟ್ಟಿದು ತಗೊಳ್ಳೋದೇ ಆದ್ರೆ ಎಬಿಎಸ್ ಅನ್ನೋ ಪ್ಲಾಸ್ಟಿಕ್‌ಗಿಂತ ಪಾಲಿಕಾರ್ಬೊನೇಟ್ ಅಥವಾ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಮೇಲು, ಪೆಟ್ಟು ಬಿದ್ರೆ ಬಗ್ಗಿ ವಾಪಸ್ ಬರ್ತಾವೆ, ಎಬಿಎಸ್ ಬೇಗ ಬಿರುಕು ಬಿಡತ್ತೆ.

ಎಕ್ಸ್‌ಪಾಂಡರ್ ಜಿಪ್ ಅಂತ ಒಂದಿರತ್ತೆ, ಬಿಚ್ಚಿದ್ರೆ ಬ್ಯಾಗು ನಾಲ್ಕೈದು ಸೆಂಮೀ ದಪ್ಪ ಆಗತ್ತೆ. ಅಂಗಡಿಯವ್ರು ಅದನ್ನ ದೊಡ್ಡ ಅನುಕೂಲ ಅಂತ ತೋರಿಸ್ತಾರೆ. ಅದು ಬಿಚ್ಚಿದ ಕ್ಷಣಕ್ಕೆ ನಿಮ್ಮ ಬ್ಯಾಗು ಕ್ಯಾಬಿನ್ ಬ್ಯಾಗಲ್ಲ. ವಾಪಸ್ ಬರ್ತಾ ಚೆಕ್-ಇನ್‌ಗೆ ಹಾಕೋ ಯೋಚನೆ ಇದ್ರೆ ಉಪಯೋಗ, ಇಲ್ಲಾಂದ್ರೆ ಸುಮ್ನೆ ತೂಕ.

ಚಕ್ರದ ವಿಷಯಕ್ಕೆ ಬರ್ತೀನಿ, ಇಲ್ಲಿ ನಾನು ಸ್ವಲ್ಪ ಹಠಮಾರಿ. ನಾಲ್ಕು ಚಕ್ರದ್ದು ಏರ್‌ಪೋರ್ಟಿನ ನುಣುಪು ನೆಲದ ಮೇಲೆ ಬೆರಳಲ್ಲಿ ತಳ್ಳಿದ್ರೆ ಹೋಗತ್ತೆ, ಕೈಗೆ ಭಾರಾನೇ ಬೀಳಲ್ಲ, ಸೊಂಟ ಭುಜ ನೋವಿರೋವ್ರಿಗೆ ಅದೇ ಸರಿ, ಅದ್ರಲ್ಲಿ ವಾದ ಇಲ್ಲ. ಆದ್ರೆ ಆಚೆ ಬಂದು ಕಲ್ಲು ಹಾಸಿದ ರಸ್ತೆ, ಫುಟ್‌ಪಾತು, ಮೆಟ್ರೋ ಬಸ್ಸು ಅಂತ ಶುರುವಾದ್ರೆ ಆ ಚಿಕ್ಕ ಚಕ್ರಗಳು ಪ್ರತಿ ಸಂದಿಗೂ ಸಿಕ್ಕಾಕೊಳ್ತಾವೆ, ಬಸ್ಸು ಬ್ರೇಕ್ ಹಾಕಿದ್ರೆ ಬ್ಯಾಗು ತಾನೇ ಮುಂದಿನ ಸೀಟಿನ ತನಕ ಹೋಗಿ ಯಾರ್ದೋ ಕಾಲಿಗೆ ಗುದ್ದತ್ತೆ. ಎರಡು ಚಕ್ರದ್ದರಲ್ಲಿ ಚಕ್ರಗಳು ದೊಡ್ಡವಿರ್ತಾವೆ, ಮೂಲೆ ಒಳಗೇ ಕೂತಿರ್ತಾವೆ, ಹಂಗಾಗಿ 55 ಸೆಂಮೀ ಎತ್ತರದಲ್ಲಿ ಜಾಸ್ತಿ ಭಾಗ ಸಾಮಾನಿಗೇ ಸಿಗತ್ತೆ. ನಾಲ್ಕು ಚಕ್ರದ್ದರಲ್ಲಿ ಆ ನಾಲ್ಕೈದು ಸೆಂಮೀ ಬರೀ ಗಾಳಿ.

ಅಂದಹಾಗೆ ಶುರುವಾಗಿದ್ದು ನಾಲ್ಕು ಚಕ್ರದಿಂದಾನೇ. ಬರ್ನಾರ್ಡ್ ಸ್ಯಾಡೋ ಅನ್ನೋವ್ರಿಗೆ 1972ರಲ್ಲಿ ಪೇಟೆಂಟ್ ಸಿಕ್ತು, ಸೂಟ್‌ಕೇಸಿಗೆ ನಾಲ್ಕು ಚಕ್ರ ಹಾಕಿ ಪಟ್ಟಿ ಹಿಡಿದು ಎಳ್ಕೊಂಡು ಹೋಗೋದು. ಈಗ ನಾವು ನೋಡೋ ಥರ ನೆಟ್ಟಗೆ ನಿಲ್ಲಿಸಿ, ಎರಡು ಚಕ್ರ, ಉದ್ದಕ್ಕೆ ಎಳೆಯೋ ಹಿಡಿ, ಇದನ್ನ ಮಾಡಿದ್ದು ರಾಬರ್ಟ್ ಪ್ಲಾತ್, ನಾರ್ತ್‌ವೆಸ್ಟ್ ಏರ್‌ಲೈನ್ಸಿನ ಪೈಲಟ್, 1987ರಲ್ಲಿ. ಮೊದಮೊದಲು ವಿಮಾನ ಸಿಬ್ಬಂದಿಗೇ ಮಾರ್ತಿದ್ರು, ಆಮೇಲೆ ಪ್ರಯಾಣಿಕರೆಲ್ಲ ನಮಗೂ ಬೇಕು ಅಂದ್ರು. ದಿನಾ ಎಳೆಯೋ ಮನುಷ್ಯನೇ ಮಾಡ್ಕೊಂಡ ವಿನ್ಯಾಸ ಅದು, ನನಗೆ ಅದರ ಮೇಲೆ ನಂಬಿಕೆ ಜಾಸ್ತಿ.

ಹಿಡಿಯನ್ನ ಪೂರ್ತಿ ಎಳೆದು ಅಲ್ಲಾಡಿಸಿ ನೋಡಿ, ಹೊಸದ್ರಲ್ಲೇ ಲೊಡಲೊಡ ಅಂದ್ರೆ ಮುಂದೆ ಇನ್ನೂ ಹಾಳಾಗತ್ತೆ. ಹಿಡಿಯ ಕೊಳವೆಗಳು ಒಳಗಡೆ ಬೆನ್ನಿನ ಉದ್ದಕ್ಕೂ ಹೋಗಿರ್ತಾವೆ, ಅವುಗಳ ಮಧ್ಯದ ಗುಂಡಿಗೆ ಸಾಕ್ಸು, ಒಳಬಟ್ಟೆ ತುಂಬಿ ಮಟ್ಟ ಮಾಡ್ಕೊಂಡು ಅದರ ಮೇಲೆ ಉಳಿದದ್ದು ಇಡಿ.

ಈಗ ನಿಮ್ಮ ಎರಡನೇ ಫ್ಲೈಟು. ಕಡಿಮೆ ದರದ ಏರ್‌ಲೈನ್ ಅಂದ್ರಿ, ಹೆಸರು ಹೇಳಿಲ್ಲ. ಸೀಟಿನ ಕೆಳಗಿಡೋ ಚಿಕ್ಕ ಬ್ಯಾಗು ಮಾತ್ರ ಅಲ್ಲಿ ಫ್ರೀ ಇರ್ಬಹುದು. ರಯಾನ್‌ಏರ್ ಮತ್ತು ವಿಜ್ ಏರ್‌ನಲ್ಲಿ ಅದು 40×30×20, ಈಜಿಜೆಟ್‌ನಲ್ಲಿ 45×36×20. 55ರ ಟ್ರಾಲಿ ಯಾವ ಕಂಪನಿದಾದ್ರೂ ಇದರೊಳಗೆ ಹೋಗಲ್ಲ, ಅದಕ್ಕೆ ಬೇರೆ ದುಡ್ಡು ಕಟ್ಟಿ ಮೊದಲೇ ಸೇರಿಸ್ಕೋಬೇಕು, ಗೇಟಲ್ಲಿ ಕಟ್ಟೋಕೆ ಹೋದ್ರೆ ದುಬಾರಿ. 40×30×20ರಲ್ಲೂ ಚಕ್ರದ ಬ್ಯಾಗು ಸಿಗ್ತಾವೆ, ಬೇಡ, ಅಷ್ಟು ಚಿಕ್ಕದ್ರಲ್ಲಿ ಚಕ್ರ ಕೊಳವೆ ಎಲ್ಲಾ ಹೋದ್ಮೇಲೆ ಏನೂ ಉಳಿಯಲ್ಲ, ಅದಕ್ಕಿಂತ ಬೆನ್ನಿಗೆ ಹಾಕೋದೇ ವಾಸಿ. ನಿಮ್ಮ ಟಿಕೆಟಲ್ಲಿ ಏನು ಸೇರಿದೆ ಅಂತ ಬುಕಿಂಗ್ ಪೇಜಲ್ಲೇ ನೋಡಿ, ಈ ನಿಯಮಗಳು ಆಗಾಗ ಬದಲಾಗ್ತಿರ್ತಾವೆ, ನಾನು ಕೊಟ್ಟ ಅಂಕಿಗಳನ್ನೂ ಹೊರಡೋ ಮುಂಚೆ ಒಂದ್ಸಲ ಏರ್‌ಲೈನ್ ಸೈಟಲ್ಲಿ ತಾಳೆ ನೋಡ್ಕೊಳ್ಳಿ.

ಎಲ್ಲಾ ಸರಿ ಇದ್ರೂ ಕೆಲವು ಸಲ ಬ್ಯಾಗ್ ಕೆಳಗೆ ಹಾಕ್ಬೇಕು ಅಂತಾರೆ, ಫ್ಲೈಟ್ ತುಂಬಿದ್ರೆ ಕೊನೆಗೆ ಹತ್ತೋವ್ರಿಗೆ ಬಿನ್‌ನಲ್ಲಿ ಜಾಗ ಇರಲ್ಲ, ಎಟಿಆರ್ ಥರದ ಚಿಕ್ಕ ವಿಮಾನಗಳಲ್ಲಂತೂ ಬಿನ್ನೇ ಸಣ್ಣದು. ಅದು ನಿಮ್ಮ ಬ್ಯಾಗಿನ ತಪ್ಪಲ್ಲ, ವಾದ ಮಾಡಿ ಪ್ರಯೋಜನ ಇಲ್ಲ. ಆದ್ರೆ ಕೊಡೋ ಮುಂಚೆ ಪವರ್ ಬ್ಯಾಂಕ್, ಬಿಡಿ ಬ್ಯಾಟರಿ ಹೊರಗೆ ತೆಗೀಲೇಬೇಕು, ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದ್ರೆ ಕ್ಯಾಬಿನ್ನಲ್ಲಾದ್ರೆ ಯಾರಾದ್ರೂ ನೋಡಿ ಆರಿಸ್ತಾರೆ, ಕೆಳಗೆ ಸರಕಿನ ಜಾಗದಲ್ಲಿ ಯಾರಿರ್ತಾರೆ? ಮಾತ್ರೆ, ಪಾಸ್‌ಪೋರ್ಟ್, ಲ್ಯಾಪ್‌ಟಾಪ್ ಕೂಡ. ಇವೆಲ್ಲ ಒಂದು ಮಡಚೋ ಚೀಲದಲ್ಲಿ ಹಾಕಿ ಟ್ರಾಲಿಯ ಮೇಲ್ಭಾಗದಲ್ಲೇ ಇಟ್ಟಿದ್ರೆ ಅರ್ಧ ನಿಮಿಷದ ಕೆಲಸ. ಇದೇ ಕಾರಣಕ್ಕೆ ಯುಎಸ್‌ಬಿ ಚಾರ್ಜಿಂಗ್ ಇರೋ 'ಸ್ಮಾರ್ಟ್' ಬ್ಯಾಗ್ ಕಣ್ಣಿಗೆ ಬಿದ್ರೆ ಬ್ಯಾಟರಿ ಕೈಯಲ್ಲೇ ಬಿಚ್ಚೋಕಾಗತ್ತಾ ನೋಡಿ, 2018ರ ಜನವರಿಯಿಂದ ಅಮೆರಿಕದ ದೊಡ್ಡ ಏರ್‌ಲೈನುಗಳು ಬಿಚ್ಚೋಕಾಗದ ಬ್ಯಾಟರಿ ಇರೋ ಬ್ಯಾಗ್‌ಗಳನ್ನ ತಗೊಳ್ತಿಲ್ಲ.

ಬ್ಯಾಗು ಮನೆಗೆ ಬಂದ್ಮೇಲೆ ಟ್ಯಾಗ್ ಕತ್ತರಿಸೋ ಮುಂಚೆ ಒಂದು ಕೆಲಸ ಮಾಡಿ. ಬಟ್ಟೆ ತುಂಬಿ, ಗೋಡೆಗೆ ಒರಗಿಸಿ ನಿಲ್ಲಿಸಿ, ಮೇಲೆ ಒಂದು ದಪ್ಪ ಪುಸ್ತಕ ಅಡ್ಡ ಇಟ್ಟು ನೆಲದಿಂದ ಪುಸ್ತಕದ ತಳದ ತನಕ ಟೇಪಲ್ಲಿ ಅಳೀರಿ, ದಪ್ಪಾನೂ ಹಂಗೇ, ಖಾಲಿ ಇದ್ದಾಗ ಅಳೆದ್ರೆ ಬಟ್ಟೆ ಬ್ಯಾಗು ನಿಜ ಹೇಳಲ್ಲ. ತೂಕಕ್ಕೆ ನೀವು ಮೊದಲು ಒಬ್ರೇ ತಕ್ಕಡಿ ಮೇಲೆ ನಿಂತು, ಆಮೇಲೆ ಬ್ಯಾಗ್ ಹಿಡ್ಕೊಂಡು ನಿಂತು ಕಳೀರಿ. 55 ಅಂದಿದ್ದು 57 ಬಂದ್ರೆ ಮುಲಾಜಿಲ್ದೆ ವಾಪಸ್ ಕಳ್ಸಿ. ಮೊದಲ್ನೇ ಬ್ಯಾಗಿನ ಬಣ್ಣ ಚೆನ್ನಾಗಿದೆ ಅಂತ ಬರ್ದಿದೀರಿ, ಅದೇನೋ ನಿಜ, ಚೆಕ್-ಇನ್‌ಗೆ ಹಾಕೋದಾದ್ರೆ ಅದನ್ನೇ ತಗೊಳ್ಳಿ.