ಹೊಗಳಿಕೆ ಜಾಸ್ತಿಯಾಯ್ತು, ಮನುಷ್ಯ ಕಾಣಲಿಲ್ಲ

ನಮಸ್ಕಾರ,

ರಷ್ಯದ ನಟ ಇನ್ನೊಕೆಂತಿ ಸ್ಮೊಕ್ತುನೊವ್‌ಸ್ಕಿ ಬಗ್ಗೆ ನೀವು ಕಳಿಸಿದ ಎಂಟು ಪುಟಗಳ ಲೇಖನ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸಿಲ್ಲ. ನೀವು ಆರಿಸಿಕೊಂಡ ನಟ ಅಂಥವರು.

ಮೊದಲ ಎರಡು ಪುಟ ಬರೀ ಹೊಗಳಿಕೆ. 'ಅಭಿನಯ ಸಾಮ್ರಾಟ', 'ನಟನಾಲೋಕದ ಧ್ರುವತಾರೆ'. ಇವನ್ನು ಯಾವ ನಟನ ಹೆಸರಿಗೆ ಅಂಟಿಸಿದರೂ ಅಂಟುತ್ತವೆ, ಅಲ್ವಾ? ಹೊಡೆದುಹಾಕಿ. ಆಮೇಲಿನ ಸಿನಿಮಾ ಪಟ್ಟಿಯೂ ಸುಮ್ನೆ ಜಾಗ ತಿನ್ನುತ್ತಿದೆ.

ನಾಲ್ಕನೇ ಪುಟದಲ್ಲಿ ಒಂದು ಸಾಲಿದೆ: 'ಯುದ್ಧದಲ್ಲಿ ಭಾಗವಹಿಸಿ ನಂತರ ರಂಗಭೂಮಿಗೆ ಬಂದರು.' ಲೇಖನ ಶುರುವಾಗಬೇಕಿದ್ದದ್ದೇ ಅಲ್ಲಿ! 1925ರಲ್ಲಿ ಸೈಬೀರಿಯದ ಹಳ್ಳಿಯಲ್ಲಿ ಹುಟ್ಟಿದವರು. ಹದಿನೆಂಟಕ್ಕೇ ಎರಡನೇ ಮಹಾಯುದ್ಧದ ಕುರ್ಸ್ಕ್ ಕದನ ಕಂಡರು. 1943ರ ಕೊನೆಗೆ ಕೀವ್ ಹತ್ತಿರ ಜರ್ಮನರಿಗೆ ಸೆರೆಸಿಕ್ಕಿ, ತಪ್ಪಿಸಿಕೊಂಡರು. ಉಕ್ರೇನಿನ ಒಂದು ಮನೆಯವರು ಬಚ್ಚಿಟ್ಟು ಕಾಪಾಡಿದರು. ಆದರೆ ಸ್ಟಾಲಿನ್ ಸರ್ಕಾರ ಶತ್ರುವಿನ ಸೆರೆಯಲ್ಲಿದ್ದು ಬಂದವರನ್ನು ಅನುಮಾನದಿಂದಲೇ ನೋಡುತ್ತಿತ್ತು. ಆ ಭಯವೂ ಸೇರಿ, ಯುದ್ಧ ಮುಗಿದ ಮೇಲೆ ಅವರು ದೂರದ ಉತ್ತರದ ನೊರಿಲ್‌ಸ್ಕ್‌ಗೆ ಹೋಗಿ ಅಲ್ಲಿನ ನಾಟಕ ತಂಡ ಸೇರಿದರು. ಕೈದಿಗಳ ದುಡಿಮೆಯಿಂದಲೇ ಎದ್ದ ಊರು ಅದು. ಇಷ್ಟನ್ನೂ ನುಂಗಿಬಿಟ್ಟು ನೀವು ಸೀದಾ 1964ರ 'ಹ್ಯಾಮ್ಲೆಟ್' ಸಿನಿಮಾಕ್ಕೆ ಜಿಗಿದಿದ್ದೀರಿ.

ನಡುವಿನ 1957 ಎಲ್ಲಿ ಹೋಯಿತು? ಆ ವರ್ಷ ಲೆನಿನ್‌ಗ್ರಾದ್‌ನಲ್ಲಿ ನಿರ್ದೇಶಕ ತೊವ್‌ಸ್ತೊನೊಗೊವ್ ಅವರು ದಸ್ತಯೆವ್‌ಸ್ಕಿಯ 'ಈಡಿಯಟ್' ಕಾದಂಬರಿಯನ್ನು ರಂಗಕ್ಕೆ ತಂದರು. ಅದರ ನಾಯಕ ಮೀಶ್ಕಿನ್‌ನ ಪಾತ್ರ ಸ್ಮೊಕ್ತುನೊವ್‌ಸ್ಕಿ ಕೈಗೆ ಹತ್ತುತ್ತಲೇ ಇರಲಿಲ್ಲ. ಒಂದು ದಿನ ಲೆನ್‌ಫಿಲ್ಮ್ ಸ್ಟುಡಿಯೊದ ಗದ್ದಲದಲ್ಲಿ ಯಾರೋ ಒಬ್ಬ ನಿಂತುಕೊಂಡೇ ಓದುತ್ತಿದ್ದುದು ಕಂಡಿತು. ಸುತ್ತ ಜನ ಓಡಾಡುತ್ತಿದ್ದರೂ ಅವನಿಗೆ ಅದರ ಪರಿವೆಯೇ ಇಲ್ಲ. ವಿಚಾರಿಸಿದರೆ, ವರ್ಷಗಟ್ಟಲೆ ಶಿಬಿರದಲ್ಲಿ ಕೈದಿಯಾಗಿದ್ದು ಬಂದವನು. ತನ್ನ ಮೀಶ್ಕಿನ್ ಸಿಕ್ಕಿದ್ದು ಹೀಗೆ ಎಂದು ಸ್ಮೊಕ್ತುನೊವ್‌ಸ್ಕಿಯೇ ಹೇಳಿಕೊಂಡಿದ್ದಾರೆ. ನೊರಿಲ್‌ಸ್ಕ್‌ನಲ್ಲಿ ಬದುಕಿದವರಿಗೆ ಆ ನಿಲುವು ಗುರುತು ಹತ್ತದೆ ಇರುತ್ತದೆಯೇ? ಇದು ನನ್ನ ಊಹೆ, ನೀವು ಒಪ್ಪಬೇಕಂತಿಲ್ಲ. ಆದರೆ ನಿಮ್ಮದೂ ಅಂತ ಒಂದು ಊಹೆ ಲೇಖನದಲ್ಲಿ ಇರಬೇಕಿತ್ತು.

'ಹಾಸ್ಯದಲ್ಲೂ ಮಿಂಚಿದರು' ಎಂದು ಕೈತೊಳೆದುಕೊಂಡಿದ್ದೀರಿ. ನಿರ್ದೇಶಕ ರ್ಯಾಜಾನೊವ್ ಅವರ 1966ರ 'ಕಾರು, ಜೋಕೆ!' ಸಿನಿಮಾ ಮತ್ತೊಮ್ಮೆ ನೋಡಿ. ಅದರಲ್ಲಿ ಸ್ಮೊಕ್ತುನೊವ್‌ಸ್ಕಿ ವಿಮಾ ಏಜೆಂಟ್ ದೆತೊಚ್ಕಿನ್. ಲಂಚಕೋರರ ಕಾರು ಕದ್ದು ಮಾರಿ, ಬಂದ ದುಡ್ಡನ್ನು ಅನಾಥಾಲಯಗಳಿಗೆ ಕೊಡುತ್ತಾನೆ. ಬಿಡುವಿದ್ದಾಗ ಹವ್ಯಾಸಿ ನಾಟಕ. ಅಲ್ಲಿ ಅವನ ಪಾತ್ರ ಯಾವುದು ಗೊತ್ತೇ? ಹ್ಯಾಮ್ಲೆಟ್! ತಮಗೆ ಲೆನಿನ್ ಪ್ರಶಸ್ತಿ ತಂದ ಪಾತ್ರವನ್ನೇ, ಆ ಪ್ರಶಸ್ತಿ ಬಂದ ಒಂದೇ ವರ್ಷಕ್ಕೆ, ತಮಾಷೆಗೆ ಒಡ್ಡಿದರು. ಅದಕ್ಕೂ ಧೈರ್ಯ ಬೇಕು.

ಹ್ಯಾಮ್ಲೆಟ್ ಬಗ್ಗೆ ಬರೆಯುವಾಗ ಕೊಳಲಿನ ದೃಶ್ಯ ಒಂದನ್ನೇ ಹಿಡಿದುಕೊಳ್ಳಿ, ತನ್ನನ್ನು ಆಡಿಸಲು ಬಂದವನ ಕೈಗೆ ಹ್ಯಾಮ್ಲೆಟ್ ಕೊಳಲು ಕೊಟ್ಟು 'ನುಡಿಸು' ಅನ್ನುತ್ತಾನಲ್ಲ, ಅದು. ಅವರ ಕಣ್ಣು, ಬೆರಳು, ದನಿ ಏನು ಮಾಡುತ್ತವೆ ಅಂತ ಬರೆಯಿರಿ. 'ಅದ್ಭುತ' ಅನ್ನಬೇಡಿ.

ಉಳಿದ ಪ್ರಶಸ್ತಿಗಳು, 1994ರ ಸಾವು, ಇವೆಲ್ಲ ಒಂದು ಪ್ಯಾರಾದಲ್ಲಿ ಮುಗಿಯಲಿ. ಎಂಟು ಪುಟ ನಾಲ್ಕಾಗಲಿ. ಮತ್ತೆ, ಅವರ ಹೆಸರನ್ನು ಮೂರು ಥರ ಬರೆದಿದ್ದೀರಿ, ಒಂದೇ ಥರ ಮಾಡಿ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳಿಸಿ.